ಒಂಬತ್ತನೆಯ ಕುಳಿಯ ಹುಲ್ಲು

ಭೋಜರಾಜ ಗಾಲ್ಫ್ ಮೈದಾನವನ್ನು ಕಣ್ಣಾರೆ ಕಂಡಿರಲಿಲ್ಲ. ಆದರೂ ಎರಡು ಸಾವಿರದ ಎರಡನೆಯ ಇಸವಿಯ ಹೊತ್ತಿಗೆ, ಅಂಥ ಮೈದಾನಗಳ ಪುಸ್ತಕಗಳ ಬಗ್ಗೆ ಅವನಷ್ಟು ಓದಿದವರು ಇಡೀ ಚೆನ್ನೈಯಲ್ಲಿ ಇನ್ನೊಬ್ಬರು ಇದ್ದಿರಲಾರರು. ಓದಿದ್ದೆಲ್ಲ ಓದುಗರು ಬರೆದು ಕಳಿಸಿದ ಅಭಿಪ್ರಾಯಗಳನ್ನು. ಪುಸ್ತಕ ಒಂದೂ ಅವನ ಕೈಗೆ ಬಂದಿರಲಿಲ್ಲ.

ಗಿಂಡಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಹಿಂದೆ ಫ್ಯಾನಿನ ಕಾರ್ಖಾನೆಯಾಗಿದ್ದ ಕಟ್ಟಡದ ಎರಡನೆಯ ಮಹಡಿಯಲ್ಲಿ ಅವನ ಕಚೇರಿ. ಅಮೆರಿಕದ ಒಂದು ಕಂಪನಿ ಇಂಟರ್ನೆಟ್ಟಿನಲ್ಲಿ ಪುಸ್ತಕ ಮಾರುತ್ತಿತ್ತು. ಖಾತೆ ತೆರೆದ ಯಾರು ಬೇಕಾದರೂ ಆಯಾ ಪುಸ್ತಕದ ಪುಟದ ಕೆಳಗೆ ತಮಗೆ ಅನ್ನಿಸಿದ್ದನ್ನು ಬರೆಯಬಹುದಿತ್ತು. ಬರೆದದ್ದು ನೇರವಾಗಿ ಪ್ರಕಟವಾಗುತ್ತಿರಲಿಲ್ಲ, ಮೊದಲು ಗಿಂಡಿಗೆ ಬರುತ್ತಿತ್ತು. ಇಲ್ಲಿ ನಲವತ್ತು ಜನ ಸಾಲಾಗಿ ಕೂತು ಒಂದೊಂದನ್ನೂ ಓದಿ ಮೂರು ಗುಂಡಿಗಳಲ್ಲಿ ಒಂದನ್ನು ಒತ್ತುತ್ತಿದ್ದರು: ಬಿಡು, ತೆಗೆ, ತಿದ್ದಿ ಬಿಡು. ಅಡುಗೆ ಪುಸ್ತಕಗಳು ಒಬ್ಬರಿಗೆ, ದೇವರ ಪುಸ್ತಕಗಳು ಇನ್ನೊಬ್ಬರಿಗೆ. ಭೋಜರಾಜನ ಮೇಜಿಗೆ ಬಂದದ್ದು ಗಾಲ್ಫ್ ಮೈದಾನಗಳು ಮತ್ತು ಅಮೆರಿಕದ ವೃತ್ತಿಪರ ಫುಟ್‌ಬಾಲ್.

ಕೊಳ್ಳೇಗಾಲದ ಕಡೆಯವನು. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ, ವೆಸ್ಟ್ ಮಾಂಬಲಮ್ಮಿನ ಟ್ಯುಟೋರಿಯಲ್ ಒಂದರಲ್ಲಿ ಹದಿಮೂರು ವರ್ಷ, ಫೇಲಾದ ಹುಡುಗರಿಗೆ ವ್ಯಾಕರಣ ಹೇಳಿಕೊಟ್ಟಿದ್ದ. ಟ್ಯುಟೋರಿಯಲ್ ಮುಚ್ಚಿದ ವರ್ಷ ಈ ಕೆಲಸ ಸಿಕ್ಕಿತು. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಸೇರಿದವನಿಗೆ ಮೇಲ್ವಿಚಾರಕನಾಗಿ ಸಿಕ್ಕವನು ಅವನಿಗಿಂತ ಹತ್ತು ವರ್ಷ ಚಿಕ್ಕವನಾದ ಸತ್ಯಾತ್ಮ. ನಾಲ್ಕು ತಲೆಮಾರಿನಿಂದ ಮದರಾಸಿನಲ್ಲೇ ನೆಲೆಸಿದ ಮಾಧ್ವರ ಮನೆಯ ಹುಡುಗ. ಅವನ ಕನ್ನಡದಲ್ಲಿ ಅರ್ಧ ತಮಿಳು.

"ಇವ್ರ ಫುಟ್‌ಬಾಲ್‌ನಲ್ಲಿ ಕಾಲಿಗೆ ಕೆಲ್ಸಾನೇ ಇಲ್ವಲ್ಲ ಸತ್ಯಾತ್ಮ, ಎಲ್ಲಾ ಕೈಲೇ ಎತ್ಕೊಂಡು ಓಡ್ತಾರೆ," ಎಂದಿದ್ದ ಭೋಜರಾಜ ಮೊದಲ ವಾರ.

"ಅದು ಅಪ್ಪಡಿದಾನ್ ಸಾರ್, ಹಾಗೇನೇ. ತಲೆ ಮೇಲೆ ಇಟ್ಕೊಂಡು ಓಡ್ಲಿ, ನಮಗೇನು? ಬೈಗುಳ ಇದ್ಯಾ, ಫೋನ್ ನಂಬರ್ ಇದ್ಯಾ, ಅದು ಮಟ್ಟುಂ, ಅಷ್ಟು ಮಾತ್ರ ನೋಡಿ, ಸಾಕು."

ನಿಯಮಗಳ ಪಟ್ಟಿಯೊಂದು ಪ್ರತಿಯೊಬ್ಬರ ಕಂಪ್ಯೂಟರಿನ ಪಕ್ಕ ಅಂಟಿಸಿತ್ತು. ನಾಲ್ಕನೆಯದು: ಅಭಿಪ್ರಾಯ ಪುಸ್ತಕದ ಬಗ್ಗೆ ಇರಬೇಕು. ಏಳನೆಯದು: ಪುಸ್ತಕದಲ್ಲಿ ಇಲ್ಲದ ಖಾಸಗಿ ವ್ಯಕ್ತಿಗಳ ಹೆಸರು ಇರಕೂಡದು. ಬರೆದವರ ಹೆಸರೂ ಕಾಣುತ್ತಿರಲಿಲ್ಲ. ‘ಟೆಕ್ಸಾಸಿನ ಒಬ್ಬ ಓದುಗರು’ ಎಂದಷ್ಟೇ ಇರುತ್ತಿತ್ತು.

ಆ ಹೆಸರಿಲ್ಲದ ಓದುಗರ ಮೇಲೆ ಭೋಜರಾಜನಿಗೆ ಒಂದು ಬಗೆಯ ಅಕ್ಕರೆ ಬೆಳೆದಿತ್ತು. ಒಬ್ಬ, ಹದಿಮೂರನೆಯ ಕುಳಿಯ, ಅಂದರೆ ಚೆಂಡು ಬೀಳಿಸುವ ಗುಂಡಿ ಮತ್ತು ಅದರವರೆಗಿನ ಹುಲ್ಲುಹಾಸಿನ, ಚಿತ್ರ ಎಡಬಲ ಅದಲುಬದಲಾಗಿ ಅಚ್ಚಾಗಿದೆ, ಮರ ಆ ಕಡೆ ಇದೆ ಎಂದು ಜಗಳ ತೆಗೆಯುತ್ತಿದ್ದ. ಇನ್ನೊಬ್ಬಳು, ಫುಟ್‌ಬಾಲ್ ಪುಸ್ತಕವನ್ನು ಭಾವನಿಗೆ ಉಡುಗೊರೆ ಕೊಟ್ಟೆ, ಅವನು ತೆರೆದೂ ನೋಡಿಲ್ಲ, ಆದರೂ ಐದು ನಕ್ಷತ್ರ ಎಂದು ಬರೆಯುತ್ತಿದ್ದಳು. ಎಲ್ಲರಿಗೂ ಏನೋ ಹೇಳುವುದಿತ್ತು. ಹೇಳಲು ಪುಸ್ತಕವೊಂದು ನೆಪ.

ಆ ವರ್ಷದ ಮಾರ್ಚಿನಲ್ಲಿ ‘ಒಹಾಯೊದ ಒಬ್ಬ ಓದುಗರು’ ಬರೆದದ್ದು ಅವನ ಮೇಜಿಗೆ ಬಂತು. ಗಾಲ್ಫ್ ಮೈದಾನಗಳ ದೊಡ್ಡ ಚಿತ್ರಪುಸ್ತಕವೊಂದರ ಬಗ್ಗೆ.

"ನೂರ ಹನ್ನೆರಡನೆಯ ಪುಟದಲ್ಲಿ ನಮ್ಮೂರಿನ ಮೈದಾನ ಇದೆ. ಒಂಬತ್ತನೆಯ ಕುಳಿಯನ್ನು ಮೈದಾನಗಳ ನಕ್ಷೆ ಹಾಕುವ ದೊಡ್ಡ ನಕ್ಷೆಗಾರರು ಮಾಡಿದರೆಂದು ಬರೆದಿದ್ದಾರೆ. ಅವರು ಮಾಡಿದ್ದು ಐವತ್ತೊಂಬತ್ತರ ನೆರೆಯಲ್ಲಿ ಕೊಚ್ಚಿಹೋಯಿತು. ಈಗಿರುವುದನ್ನು ಮಾಡಿದವನು ಅರ್ನೆಸ್ಟ್ ವಿಲ್ಕಿ. ಹೊಳೆಯ ಕೆಸರನ್ನು ಕೈಗಾಡಿಯಲ್ಲಿ ಹೊರಗೆ ಸಾಗಿಸಿದವನು ಅರ್ನೆಸ್ಟ್ ವಿಲ್ಕಿ. ಹುಲ್ಲಿನ ಬೀಜವನ್ನು ನಮ್ಮ ಅಡುಗೆಮನೆಯಲ್ಲಿ, ಒಲೆಯ ಪಕ್ಕ ತಟ್ಟೆಯಲ್ಲಿಟ್ಟು ಮೊಳೆಯುತ್ತದೋ ಇಲ್ಲವೋ ಎಂದು ನೋಡಿದವನು ಅರ್ನೆಸ್ಟ್ ವಿಲ್ಕಿ. ಮೂವತ್ತೊಂದು ವರ್ಷ ಅದನ್ನು ಕತ್ತರಿಸಿದ. ಕಳೆದ ನವೆಂಬರಿನಲ್ಲಿ ತೀರಿಕೊಂಡ. ನಾನು ಅವನ ಹೆಂಡತಿ. ಪುಸ್ತಕ ಭಾರವಾಗಿದೆ, ಚಿತ್ರಗಳು ಚೆನ್ನಾಗಿವೆ. ಮೂರು ನಕ್ಷತ್ರ."

ಭೋಜರಾಜ ಅದನ್ನು ಎರಡು ಸಲ ಓದಿದ. ನಿಯಮದ ಪ್ರಕಾರ ‘ತೆಗೆ’ ಒತ್ತಬೇಕು. ಒತ್ತಲು ಮನಸ್ಸಾಗಲಿಲ್ಲ. ಉಳಿಸಲು ದಾರಿಯೇನೆಂದು ಯೋಚಿಸಿದ. ಪುಟದ ಸಂಖ್ಯೆ ಇದೆ, ಚಿತ್ರದ ಮಾತಿದೆ, ಆದ್ದರಿಂದ ಪುಸ್ತಕದ ಬಗ್ಗೆಯೇ ಎನ್ನಬಹುದು. ಅಡ್ಡ ಬರುವುದು ಹೆಸರೊಂದೇ. ಮೂರು ಕಡೆಯೂ ಹೆಸರನ್ನು ಅಳಿಸಿ ಅಲ್ಲಿ ‘ನನ್ನ ಗಂಡ’ ಎಂದು ಕೂರಿಸಿದ.

ಹಾಗೆ ಮಾಡುವಾಗ ಅದು ತಪ್ಪೆಂದು ಅವನಿಗೆ ಅನ್ನಿಸಲಿಲ್ಲ. ಅವನ ತಾಯಿ ಸಾಕಮ್ಮ ಗಂಡನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಅಜ್ಜಿ ಹೇಳಿದವಳಲ್ಲ. ‘ನಮ್ಮನೆಯವರು’ ಎಂದರೆ ಅದರಲ್ಲೇ ಎಲ್ಲ ಬಂತು. ಹೆಸರು ಹಿಡಿದು ಊರಿನವರೆಲ್ಲ ಕರೆಯುತ್ತಾರೆ, ಹೀಗೆ ಕರೆಯುವವಳು ಒಬ್ಬಳೇ. ತಿದ್ದಿದ ಮೇಲೆ ಮಾತು ಇನ್ನೂ ಹತ್ತಿರವಾಯಿತು, ಇನ್ನೂ ಮರ್ಯಾದೆಯಾಯಿತು ಎಂದೇ ಅವನಿಗೆ ತೋರಿತು. ‘ತಿದ್ದಿ ಬಿಡು’ ಒತ್ತಿದ.

ಸಂಜೆ ಮಾಂಬಲಂ ಸ್ಟೇಷನ್ನಿನಲ್ಲಿ ಇಳಿದು ಮನೆಗೆ ಬಂದು, ಕಾಫಿ ಕುಡಿಯುತ್ತ ತಾಯಿಗೆ ಹೇಳಿದ, ಅಮೆರಿಕದಲ್ಲಿ ಒಬ್ಬ ಮೂವತ್ತೊಂದು ವರ್ಷ ಒಂದೇ ಕಡೆ ಹುಲ್ಲು ಕೊಯ್ದನಂತೆ ಎಂದು.

"ದನ ಎಷ್ಟಿದ್ವಂತ್ಲಾ?" ಎಂದಳು ಸಾಕಮ್ಮ.

"ದನಕ್ಕಲ್ಲ ಕಣವ್ವಾ. ಸುಮ್ನೆ ಬೆಳೆಸ್ತಾರೆ, ಸುಮ್ನೆ ಕುಯ್ತಾರೆ."

"ಅಯ್ಯೋ ಶಿವ್ನೇ! ಕುಯ್ದಿದ್ದ ಯಾರೂ ತಿನ್ನಾಕಿಲ್ವಾ?"

ಮೂಲೆಯಲ್ಲಿ ಹೋಮ್‌ವರ್ಕ್ ಬರೆಯುತ್ತಿದ್ದ ಮಗಳು ಗಗನಾ ತಲೆಯೆತ್ತದೆ, "ಪಾಟಿ, ಅದು ಗೇಮ್ ಪಾಟಿ," ಎಂದಳು. ಅಜ್ಜಿಯನ್ನು ಪಾಟಿ ಎಂದೇ ಅವಳು ಕರೆಯುವುದು. "ನಿನ್ ಪಾಟಿ ಗೀಟಿ ಎಲ್ಲಾ ನಂಗೆ ಬ್ಯಾಡ, ಅಜ್ಜಿ ಅನ್ನು," ಎಂದು ಸಾಕಮ್ಮ ಬೈದಳು. ಎಲ್ಲರೂ ನಕ್ಕರು. ಭೋಜರಾಜ ಆ ದಿನ ಒಳ್ಳೆಯದೊಂದನ್ನು ಮಾಡಿದ ನೆಮ್ಮದಿಯಲ್ಲಿದ್ದ.

ಹತ್ತು ದಿನದ ಮೇಲೆ ಒಹಾಯೊದ ಓದುಗರು ಮತ್ತೆ ಬರೆದರು.

"ನಾನು ಬರೆದದ್ದನ್ನು ಯಾರೋ ಬದಲಾಯಿಸಿದ್ದೀರಿ. ನೆರೆಯನ್ನು ಇಟ್ಟಿದ್ದೀರಿ, ಕೆಸರನ್ನು ಇಟ್ಟಿದ್ದೀರಿ, ನನ್ನ ಒಲೆಯನ್ನೂ ಇಟ್ಟಿದ್ದೀರಿ. ಅರ್ನೆಸ್ಟನನ್ನು ತೆಗೆದಿದ್ದೀರಿ. ಗಂಡ ಎಂಬುವವನು ಎಲ್ಲರಿಗೂ ಇರುತ್ತಾನೆ. ಕಾಗದದ ಮೇಲೆ ಎಲ್ಲಿಯೂ ಅವನ ಹೆಸರಿಲ್ಲ ಎಂದೇ ನಾನು ಬರೆದದ್ದು. ನನಗೆ ಎಂಬತ್ತೊಂದು ವರ್ಷ. ಬೇರೆ ಕಡೆ ಬರೆಯಲು ನನಗೆ ಬರುವುದಿಲ್ಲ. ಇದನ್ನು ನನ್ನ ಪಕ್ಕದ ಮನೆಯ ಹುಡುಗಿ ಟೈಪ್ ಮಾಡಿಕೊಡುತ್ತಿದ್ದಾಳೆ."

ಭೋಜರಾಜನ ಕಿವಿಗಳು ಬಿಸಿಯಾದವು. ಟ್ಯುಟೋರಿಯಲ್ಲಿನಲ್ಲಿ ಸರಿ ಉತ್ತರಕ್ಕೆ ತಪ್ಪು ಹಾಕಿ, ಹುಡುಗ ಪುಸ್ತಕ ತೆರೆದು ತೋರಿಸಿದಾಗ ಆಗುತ್ತಿದ್ದಂಥ ಬಿಸಿ. ಈ ಎರಡನೆಯ ಬರಹದಲ್ಲಿ ಪುಸ್ತಕದ ಮಾತೇ ಇರಲಿಲ್ಲ. ಅದನ್ನು ಬಿಡಲು ಯಾವ ದಾರಿಯೂ ಇಲ್ಲ. ‘ತೆಗೆ’ ಒತ್ತಿದ. ಕಾರಣ ಕೇಳುವ ಚೌಕದಲ್ಲಿ, ನಾಲ್ಕು ಎನ್ನಬಹುದಾಗಿದ್ದರೂ, ಹೆಸರೂ ಇದ್ದುದರಿಂದ ಏಳು ಎಂದು ಹಾಕಿದ. ಎದ್ದು ಸತ್ಯಾತ್ಮನ ಹತ್ತಿರ ಹೋದ.

"ಅಡಡಾ, ಇದಕ್ಕೆಲ್ಲ ಮನಸ್ಸು ಕೆಡಿಸ್ಕೊಂಡ್ರೆ ಹೇಗೆ ಸಾರ್?" ಎಂದ ಸತ್ಯಾತ್ಮ. "ರೂಲ್ ರೂಲ್‌ದಾನೇ. ಅವ್ರ ಹೆಸರು ಪುಸ್ತಕದಲ್ಲಿ ಎಲ್ಲಾದ್ರೂ ಇದ್ರೆ ಬಿಡಬಹುದು. ಒಂದು ಮೂಲೇಲಿ ಇದ್ರೂ ಪೋದುಂ, ಸಾಕು. ಆಗ ಅವ್ರು ಖಾಸಗಿ ಅಲ್ಲ."

"ಇಲ್ಲ ಅಂತಾನೇ ಆಕೆ ಬರ್ದಿರೋದು."

"ಪಾಪ, ವಯಸ್ಸಾದವರು, ಸರಿಯಾಗಿ ನೋಡಿರಲ್ವೋ ಏನೋ. ಪುಸ್ತಕ ಸಿಕ್ಕಿದ್ರೆ ನೀವೇ ನೋಡಿ. ನಮ್ಮ ಮಾಮಾ ಗಾಲ್ಫ್ ಕ್ಲಬ್ ಲೈಬ್ರರೀಲಿ ಇದ್ದಾರೆ. ಕೇಳ್ತೀನಿ."

ಅದೇ ವಾರ ಸಾಕಮ್ಮನ ಕಣ್ಣಿನ ಪೊರೆ ತೆಗೆಸಲು ಕೀಲ್ಪಾಕಿನ ಆಸ್ಪತ್ರೆಗೆ ಹೋಗಬೇಕಾಯಿತು. ಚೀಟಿ ಬರೆಯುವ ಹೆಂಗಸು ತಮಿಳಿನಲ್ಲಿ ಗಂಡನ ಹೆಸರು ಕೇಳಿದಳು. ಸಾಕಮ್ಮ ಅರ್ಥವಾದರೂ ಅರ್ಥವಾಗದವಳಂತೆ ಮಗನ ಕಡೆ ತಿರುಗಿದಳು. ತಂದೆ ಹೋಗಿ ಎಂಟು ವರ್ಷವಾಗಿತ್ತು. "ಮರಿಬಸವಯ್ಯ," ಎಂದು ಭೋಜರಾಜ ಹೇಳಿದ. ಹೇಳಿ, ಬೆಂಚಿನ ಮೇಲೆ ಕೂತು ಸರದಿ ಕಾಯುವಾಗ, ಒಹಾಯೊದ ಮುದುಕಿಯ ಕಥೆ ಪೂರ್ತಿ ತಾಯಿಗೆ ಹೇಳಿದ.

ಸಾಕಮ್ಮ ಸ್ವಲ್ಪ ಹೊತ್ತು ಸೆರಗಿನ ಚುಂಗು ಮಡಿಸಿ ಬಿಚ್ಚಿ ಮಾಡಿದಳು.

"ಅಲ್ಲ ಕನ್ಲಾ ಮಗಾ, ಆವಮ್ಮ ಎಸ್ರು ಯೋಳಾಕೇ ಅಂತ ಬಂದವ್ಳೆ. ನೀನು ಓಗಿ ಬಾಯಿ ಮುಚ್ಚುದ್ಯಲ್ಲ."

"ನೀನು ಅಪ್ಪನ ಹೆಸ್ರು ಹೇಳ್ತಿರ್ಲಿಲ್ವಲ್ಲವ್ವಾ. ಹಂಗೇ ಅನ್ಕೊಂಡೆ."

"ಯೋಳ್ದೆ ಇದ್ದವ್ಳು ನಾನು. ಇನ್ಯಾರಾನ ಬಂದು ಯೋಳ್ಬ್ಯಾಡ ಅಂತ ಬಾಯಿ ಕಟ್ಟಿದ್ರೆ ಸುಮ್ಕಿರ್ತಿದ್ನಾ ನಾನು? ಕಿತ್ತಾಕ್ತಿದ್ದೆ ಅವರ್ನ." ಆಮೇಲೆ ದನಿ ತಗ್ಗಿಸಿ ಹೇಳಿದಳು, "ಎಸ್ರು ಯೋಳುದ್ರೆ ಗಂಡಸರ ಆಯಸ್ಸು ಸವೀತದೆ ಅಂತಿದ್ರು. ಈಗ ಅವರೇ ಇಲ್ಲ. ಒಂದ್ಸಲ ಯೋಳಾನ ಅಂದ್ರೂವೆ ನಾಲ್ಗೆ ತಿರುಗಾಕಿಲ್ಲ. ಆವಮ್ಮಂಗೆ ತಿರುಗ್ತದೆ. ಯೋಳ್ಕಳ್ಲಿ ಬುಡು ಮಗಾ, ಎಂಗಾರ ಮಾಡಿ ಆಕ್ಸು."

ಹೇಗಾದರೂ ಮಾಡಿ ಹಾಕಿಸಬೇಕೆಂದೇ ಭೋಜರಾಜ ಏಪ್ರಿಲಿನ ಒಂದು ಭಾನುವಾರ ಸತ್ಯಾತ್ಮನ ಸ್ಕೂಟರಿನ ಹಿಂದೆ ಕೂತು ಕ್ಲಬ್ಬಿಗೆ ಹೋದ. ಸತ್ಯಾತ್ಮನ ಸೋದರಮಾವ ವಿಷ್ಣುತೀರ್ಥ ಅಲ್ಲಿನ ವಾಚನಾಲಯ ನೋಡಿಕೊಳ್ಳುತ್ತಿದ್ದರು. ಹಣೆಯ ಅಂಗಾರ ಅಳಿಸದಂತೆ ಕರವಸ್ತ್ರದ ತುದಿಯಿಂದ ಬೆವರು ಒತ್ತಿಕೊಳ್ಳುತ್ತ, "ಈ ಪುಸ್ತಕ ನಮ್ಮಲ್ಲಿದೆ ಅಂತ ನನ್ಗೇ ಗೊತ್ತಿರ್ಲಿಲ್ಲ. ಯಾರೋ ಮೆಂಬರ್ ಊರು ಬಿಟ್ಟು ಹೋಗುವಾಗ ಕೊಟ್ಟು ಹೋಗಿದ್ದಾರೆ. ಒಬ್ರೂ ತೆಗೆದಿಲ್ಲ ನೋಡಿ, ಹಾಳೆಗೆ ಹಾಳೆ ಅಂಟ್ಕೊಂಡಿದೆ," ಎಂದು ಎರಡು ಕೈಯಲ್ಲಿ ಎತ್ತಿ ತಂದಿಟ್ಟರು.

ಕಿಟಕಿಯ ಆಚೆ ಮೈದಾನ ಕಾಣುತ್ತಿತ್ತು. ಭೋಜರಾಜ ಮೂರು ವರ್ಷ ಓದಿದ ಹಸಿರು ಅಲ್ಲಿರಲಿಲ್ಲ. ಬಿಸಿಲಿಗೆ ಹುಲ್ಲು ಹುರಿದ ಬಣ್ಣಕ್ಕೆ ಬಂದಿತ್ತು. ತಲೆಗೆ ಟವೆಲು ಸುತ್ತಿದ ನಾಲ್ಕು ಹೆಂಗಸರು ಕುಕ್ಕರಗಾಲಿನಲ್ಲಿ ಕೂತು ಕಳೆ ಕೀಳುತ್ತ, ಕೂತ ಹಾಗೆಯೇ ಅಂಗುಲ ಅಂಗುಲ ಸರಿಯುತ್ತಿದ್ದರು.

ನೂರ ಹನ್ನೆರಡನೆಯ ಪುಟ ತೆರೆದ. ಎರಡು ಪುಟ ತುಂಬಿದ ಚಿತ್ರ. ಬೆಳಗಿನ ಮಂಜು, ಇಳಿಜಾರು, ತಳದಲ್ಲಿ ಹೊಳೆಯ ಹೊಳಪು. ದೂರದಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಮೇಲೆ ಒಬ್ಬ ಮನುಷ್ಯ, ಬೆನ್ನು ಈ ಕಡೆಗೆ. ಗುಬ್ಬಿಯಷ್ಟು ಗಾತ್ರ. ಕೆಳಗಿನ ಸಾಲಿನಲ್ಲಿ ಕುಳಿಯ ಸಂಖ್ಯೆ, ಅದರ ದೂರ, ನಕ್ಷೆಗಾರನ ಹೆಸರು, ಚಿತ್ರ ತೆಗೆದ ಹೊತ್ತು. ಭೋಜರಾಜ ಕನ್ನಡಕ ತೆಗೆದು ಪುಟಕ್ಕೆ ಮೂಗು ತಾಗುವಷ್ಟು ಬಗ್ಗಿದ. ಇವನೇ ಇರಬಹುದು. ಇಲ್ಲದೆಯೂ ಇರಬಹುದು.

ಕೊನೆಯಲ್ಲಿ ಕೃತಜ್ಞತೆಯ ಪುಟವಿತ್ತು. ಮೂವರೂ ಪಾಲು ಮಾಡಿಕೊಂಡು ಬೆರಳಿಟ್ಟು ಓದಿದರು. ಕ್ಲಬ್ಬಿನ ಅಧ್ಯಕ್ಷರಿದ್ದರು, ಮೇಲಿಂದ ಚಿತ್ರ ತೆಗೆಯಲು ವಿಮಾನ ಹಾರಿಸಿದವನಿದ್ದ, ಬರೆದವನ ಜೊತೆ ಎಲ್ಲ ಊರೂ ತಿರುಗಿದ ನಾಯಿಯ ಹೆಸರೂ ಇತ್ತು.

"ನಾಯಿ ಹೆಸರು ಬಿಡಬಹುದು ನಾವು," ಎಂದ ಸತ್ಯಾತ್ಮ. ತಮಾಷೆಗೆ ಶುರುಮಾಡಿದ ಮಾತು ಅರ್ಧಕ್ಕೇ ಸಪ್ಪಗಾಯಿತು. ವಿಷ್ಣುತೀರ್ಥರು ಪುಸ್ತಕ ಮುಚ್ಚಿ, "ಇನ್ನೊಂದು ಸಲ ನೋಡ್ಬೇಕಾ?" ಎಂದು ಕೇಳಿದರು. ಭೋಜರಾಜ ಇನ್ನೊಂದು ಸಲವೂ ನೋಡಿದ.

ಮೇ ಮೊದಲ ವಾರ ಅವಳ ಮೂರನೆಯದು ಬಂತು. "ಚಿತ್ರಗಳು ಚೆನ್ನಾಗಿವೆ. ಒಂಬತ್ತನೆಯ ಕುಳಿಯನ್ನು ಮಾಡಿದವನು ಅರ್ನೆಸ್ಟ್ ವಿಲ್ಕಿ. ದಯವಿಟ್ಟು." ಅಷ್ಟೇ.

ಅವಳು ಕಲಿತುಬಿಟ್ಟಿದ್ದಳು. ಮೊದಲು ಪುಸ್ತಕದ ಬಗ್ಗೆ ಒಂದು ಮಾತು, ಆಮೇಲೆ ತನ್ನದು. ಆ ‘ದಯವಿಟ್ಟು’ ಎಂಬುದನ್ನು ನೋಡುತ್ತ ಭೋಜರಾಜ ‘ಬಿಡು’ ಒತ್ತಿದ.

ಮೂರು ದಿನ ಆ ಹೆಸರು ಇಡೀ ಲೋಕಕ್ಕೆ ಕಾಣುವಂತೆ ಅಲ್ಲಿತ್ತು. ಊಟದ ಬಿಡುವಿನಲ್ಲಿ ಭೋಜರಾಜ ಆ ಪುಟ ತೆರೆದು ನೋಡಿ ಬರುತ್ತಿದ್ದ. ನಾಲ್ಕನೆಯ ದಿನ ಅಮೆರಿಕದ ಕಂಪನಿಯಿಂದ ಪತ್ರ ಬಂತು. ಅಲ್ಲಿಯೂ ಕೆಲವರು ಕೂತು, ಇಲ್ಲಿಂದ ಬಿಟ್ಟದ್ದರಲ್ಲಿ ಅಲ್ಲೊಂದು ಇಲ್ಲೊಂದು ಎತ್ತಿ ನೋಡುತ್ತಿದ್ದರು. ಏಳನೆಯ ನಿಯಮ ಮುರಿದ ಬರಹವೊಂದು ಅವರಿಗೆ ಸಿಕ್ಕಿತ್ತು. ಅದನ್ನು ತೆಗೆದಿದ್ದರು. ಅಷ್ಟೇ ಆಗಿದ್ದರೆ ಭೋಜರಾಜ ಇನ್ನೊಂದು ದಾರಿ ಹುಡುಕುತ್ತಿದ್ದ. ಒಂದೇ ಓದುಗರ ಬರಹದ ಮೇಲೆ ಏಳನೆಯ ನಿಯಮದ ಗುರುತು ಮೂರು ಸಲ ಬಿದ್ದರೆ ಆ ಓದುಗರು ಮುಂದೆ ಎಂದೂ ಬರೆಯುವಂತಿಲ್ಲ, ಹಿಂದೆ ಬರೆದದ್ದೂ ಉಳಿಯುವುದಿಲ್ಲ ಎಂಬುದು ಅವನಿಗೆ ಆ ದಿನ ತಿಳಿಯಿತು. ಮೂರರಲ್ಲಿ ಎರಡು ಅವನೇ ಹಾಕಿದ್ದು. ಮೊದಲ ಸಲ ಹೆಸರು ಅಳಿಸಿದಾಗ ತಾನಾಗಿ ಬಿದ್ದದ್ದು ಒಂದು, ಚೌಕದಲ್ಲಿ ಏಳು ಎಂದು ತುಂಬಿದಾಗ ಇನ್ನೊಂದು. ಮೂರನೆಯದು ಬೀಳುವಂತೆ ಮಾಡಿದ್ದೂ ಅವನೇ.

"ನಿಮ್ಮ ಕೆಲಸ ಉಳಿಸೋಕೆ ನಾನು ಪಟ್ಟ ಪಾಡು ನನ್ಗೇ ಗೊತ್ತು ಸಾರ್," ಎಂದ ಸತ್ಯಾತ್ಮ. ಅವನ ಮುಖ ಬಾಡಿತ್ತು. "ಒಂದು ತಿಂಗಳು ನಿಮ್ಮ ಪಕ್ಕ ಕೂತು ಚೆಕ್ ಮಾಡು ಅಂದಿದ್ದಾರೆ. ಅದೆಲ್ಲ ಆಯ್ತು. ಆ ಅಮ್ಮನ್ನ ಉಳಿಸೋಕೆ ರೂಲೇ ಇಲ್ಲ."

"ಆಕೆಗೆ ತಿಳಿಸ್ತಾರಾ?"

"ಇಲ್ಲ. ಬರೆದ್ರೆ ‘ಧನ್ಯವಾದ, ತಲುಪಿದೆ’ ಅಂತ ತೋರಿಸುತ್ತೆ. ಆದ್ರೆ ಯಾರ ಹತ್ರಾನೂ ಬರಲ್ಲ."

ಮುದುಕಿ ಪಕ್ಕದ ಮನೆಯ ಹುಡುಗಿಯನ್ನು ಕೂರಿಸಿಕೊಂಡು ಬರೆಸುತ್ತಲೇ ಇರಬಹುದು. ಪ್ರತಿ ಸಲವೂ ಧನ್ಯವಾದ ಓದಿಸಿಕೊಂಡು ಕಾಯುತ್ತಿರಬಹುದು. ಅವಳಿಗೆ ಪತ್ರ ಹಾಕೋಣವೆಂದರೆ ವಿಳಾಸ ಹಾಗಿರಲಿ, ಹೆಸರೂ ಅವನಿಗೆ ಗೊತ್ತಿರಲಿಲ್ಲ. ಮೂರು ಬರಹಗಳಲ್ಲಿ ಒಂದರಲ್ಲೂ ಅವಳು ತನ್ನ ಹೆಸರು ಬರೆದಿರಲಿಲ್ಲ.

ಒಂದು ಶನಿವಾರ ಸಂಜೆ ಭೋಜರಾಜ ಗಗನಾಳನ್ನು ಕರೆದುಕೊಂಡು ಸ್ಟೇಷನ್ ಹತ್ತಿರದ ಇಂಟರ್ನೆಟ್ ಸೆಂಟರಿಗೆ ಹೋದ. ಅವಳು ತನ್ನ ಹೆಸರಿನಲ್ಲಿ ಖಾತೆ ತೆರೆದುಕೊಟ್ಟಳು. ಆ ಪುಸ್ತಕದ ಪುಟದ ಕೆಳಗೆ ಏನೂ ಇರಲಿಲ್ಲ. ‘ಈ ಪುಸ್ತಕದ ಬಗ್ಗೆ ಮೊದಲು ಬರೆಯುವವರು ನೀವಾಗಿ’ ಎಂದಿತ್ತು.

"ಎದುಕ್ಕುಪ್ಪಾ, ಯಾಕೆ ಇದೆಲ್ಲ? ನೀವು ಪುಸ್ತಕಾನೇ ಓದಿಲ್ಲ," ಎಂದಳು ಗಗನಾ.

"ನೋಡಿದೀನಿ. ಎರಡು ಸಲ."

ಒಂದು ಗಂಟೆ ಹಿಡಿಯಿತು. ಕಾಗದ ಹೇಗಿದೆ, ಅಚ್ಚು ಹೇಗಿದೆ, ಯಾವ ಚಿತ್ರದಲ್ಲಿ ಬೆಳಕು ಹೇಗೆ ಬಿದ್ದಿದೆ ಎಂದು ಒಬ್ಬ ನಿಜವಾದ ಓದುಗ ಬರೆಯುವಂತೆ ಬರೆದ. ಎಲ್ಲದರ ನಡುವೆ ಒಂದು ಸಾಲು: ನೂರ ಹನ್ನೆರಡನೆಯ ಪುಟದಲ್ಲಿ ಒಂದು ತಪ್ಪಿದೆ, ಒಂಬತ್ತನೆಯ ಕುಳಿಯ ಈಗಿನ ಹುಲ್ಲು ಬೆಳೆಸಿದವರು ಅರ್ನೆಸ್ಟ್ ವಿಲ್ಕಿ. ಸೋಮವಾರಕ್ಕೆ ರಜೆ ಹಾಕಿದ್ದ. ಅವನಿಲ್ಲದ ದಿನ ಅವನ ಪಾಲಿನದೆಲ್ಲ ಪಕ್ಕದ ಮೇಜಿನ ನಿಶಾಂತನಿಗೆ ಹೋಗುತ್ತಿತ್ತು. ನಿಶಾಂತ ಉದ್ದ ಬರಹ ಕಂಡರೆ ಓದದೆ ಬಿಡುವವನು ಎಂದು ಇಡೀ ಮಹಡಿಗೆ ಗೊತ್ತಿತ್ತು.

ಸೋಮವಾರ ಲೈನ್ ಕೆಟ್ಟು ಅಮೆರಿಕದಿಂದ ಏನೂ ಬರಲಿಲ್ಲವಂತೆ. ಎಲ್ಲರೂ ಮಧ್ಯಾಹ್ನವೇ ಮನೆಗೆ ಹೋದರಂತೆ. ಎರಡು ದಿನದ್ದು ಒಟ್ಟಿಗೆ ಮಂಗಳವಾರ ಬೆಳಿಗ್ಗೆ ಬಂತು. ಸತ್ಯಾತ್ಮ ಕುರ್ಚಿ ಎಳೆದುಕೊಂಡು ಭೋಜರಾಜನ ಪಕ್ಕ ಕೂತ. ಫುಟ್‌ಬಾಲಿನದು ಹನ್ನೆರಡು ಮುಗಿದ ಮೇಲೆ ಗಾಲ್ಫಿನ ಮೊದಲನೆಯದಾಗಿ ಅದೇ ತೆರೆದುಕೊಂಡಿತು.

ಸತ್ಯಾತ್ಮ ಓದುತ್ತ ಬಂದ. ನಡುವಿನ ಸಾಲಿಗೆ ಬಂದಾಗ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ. ಯಾರಿಗೂ ಕೇಳದಂತೆ, "ಸಾರ್, ಇದು ನೀವುದಾನೇ?" ಎಂದ.

ಭೋಜರಾಜ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡ.

"ಸರಿ. ನಾನು ಕೇಳಿಲ್ಲ, ನೀವು ಹೇಳಿಲ್ಲ. ಆ ಹೆಸರೊಂದು ತೆಗೆದು ಬಿಡಿ ಸಾರ್. ಮಿಚ್ಚ, ಉಳಿದದ್ದು ಎಲ್ಲಾ ಇರ್ಲಿ. ಹುಲ್ಲು, ಕುಳಿ, ಎಲ್ಲಾ ಇರ್ಲಿ. ಚೆನ್ನಾಗಿ ಬರ್ದಿದ್ದೀರಿ."

ಭೋಜರಾಜ ಪರದೆಯ ಮೇಲಿನ ಹೆಸರಿನ ಪಕ್ಕ ಬಾಣದ ಗುರುತು ತಂದು ನಿಲ್ಲಿಸಿದ. ಅಳಿಸಿ ಅಲ್ಲಿ ಏನು ಕೂರಿಸುವುದು? ಒಬ್ಬ ಕೆಲಸದವರು. ಒಬ್ಬ ಸ್ಥಳೀಯರು. ಆ ಜಾಗಕ್ಕೆ ಹೊಂದುವ ಹತ್ತು ಮಾತು ಅವನಿಗೆ ಗೊತ್ತಿತ್ತು.

"ಹೆಸ್ರಿಲ್ದೆ ಇದು ಆಕೆಗೆ ಬೇಡ," ಎಂದ. ‘ತೆಗೆ’ ಒತ್ತಿದ. ಕಾರಣದ ಚೌಕ ತೆರೆಯಿತು. ಬೆರಳು ಏಳಕ್ಕೆ ತಾನೇ ಹೋಯಿತು.

ಮುಂದಿನದು ಬಂತು. ಫ್ಲೋರಿಡಾದ ಒಬ್ಬ ಓದುಗರು. ಪುಸ್ತಕ ತಡವಾಗಿ ಬಂತು, ಮೂಲೆ ಮಡಿಚಿಹೋಗಿತ್ತು, ಚಿತ್ರಗಳು ಪರವಾಗಿಲ್ಲ. ಭೋಜರಾಜ ‘ಬಿಡು’ ಒತ್ತಿದ.